ಇನ್ನೊಬ್ಬರ ಹೆಜ್ಜೆ ನೋಡಿ ಕೆರೆಗಿಳಿಯಬೇಡ

ಮೊನ್ನೆ ನಿಮ್ಮಮ್ಮ ತೀರ್ಥಹಳ್ಳಿಯಿಂದ ಫೋನ್ ಮಾಡಿದ್ದಳು. "ಮಿನಿಯಾಪೊಲಿಸ್ಸಿಗೆ ಹೋಗಿ ಇನ್ನೂ ವರ್ಷ ತುಂಬಿಲ್ಲ, ಆಗಲೇ ಐಸಿನ ಮೇಲೆ ಕೂತು ಮೀನು ಹಿಡಿತೀನಿ ಅಂತಿದ್ದಾನಲ್ಲ ಅಣ್ಣ, ನೀನಾದ್ರೂ ಸ್ವಲ್ಪ ಬುದ್ಧಿ ಹೇಳು" ಎಂದಳು. ಬೇಡ ಎಂದು ತಡೆಯುವವನು ನಾನಲ್ಲ ಅನ್ನುವುದು ಅವಳಿಗೂ ಗೊತ್ತು. ಹೋಗು ಮಾರಾಯ, ಖಂಡಿತ ಹೋಗು. ನವೆಂಬರಿನಿಂದ ಮಾರ್ಚಿನವರೆಗೆ ಹೀಟರಿನ ಪಕ್ಕ ಕೂತು ಕಿಟಕಿಯಲ್ಲೇ ಲೋಕ ನೋಡಿದವರ ಮುಖ ಏಪ್ರಿಲ್ ಹೊತ್ತಿಗೆ ಹೇಗಾಗಿರುತ್ತದೆ ಎಂದು ನಾನು ಬೇಕಾದಷ್ಟು ಕಂಡಿದ್ದೇನೆ. 10 ಎಕರೆಗಿಂತ ದೊಡ್ಡ ಕೆರೆಗಳೇ 11,842 ಇರುವ ರಾಜ್ಯ ಈ ಮಿನೆಸೋಟ. ತುಂಗೆಯ ದಂಡೆಯಲ್ಲಿ ಗಾಳ ಹಿಡಿದು ಬೆಳೆದ ಹುಡುಗ ಇಲ್ಲಿ ಬಂದು ಸುಮ್ಮನೆ ಕೂರುವುದು ಹೇಗೆ? ಆದರೆ ಹೊರಡುವ ಮುಂಚೆ ಈ ಮಾವನ ಮಾತನ್ನು ಸ್ವಲ್ಪ ಕಿವಿಗೆ ಹಾಕಿಕೊ.

ನಿನ್ನ ಆಫೀಸಿನವನೊಬ್ಬ ಹೇಳಿದನಂತೆ, ಡಿಸೆಂಬರ್ ಮೊದಲ ವಾರದಲ್ಲೇ ಜನ ಮಿನೆಟೊಂಕಾ ಕೆರೆಯ ಮೇಲೆ ಓಡಾಡುತ್ತಿದ್ದರು, ಹೆದರುವುದೇನೂ ಇಲ್ಲ ಎಂದು. ಅವನು ಒಳ್ಳೆಯವನೇ ಇರಬಹುದು. ಆದರೂ ಹೆಪ್ಪುಗಟ್ಟಿದ ಕೆರೆಯ ಮಟ್ಟಿಗೆ ಇನ್ನೊಬ್ಬರ ಹೆಜ್ಜೆಗುರುತು ಸಾಕ್ಷಿಯಲ್ಲ. ಆ ಹೆಜ್ಜೆ ನಿನ್ನೆಯದೋ ಮೊನ್ನೆಯದೋ, ಆ ಮನುಷ್ಯನ ತೂಕವೆಷ್ಟೋ, ಹೋದವನು ತಿರುಗಿ ಬಂದನೋ ಇಲ್ಲವೋ, ಹಿಮದ ಮೇಲಿನ ಗುರುತು ಯಾವುದನ್ನೂ ಹೇಳುವುದಿಲ್ಲ. ನೀನೇ ಅಳೆದು ನೋಡಬೇಕು.

ಇಲ್ಲಿಯ ನೈಸರ್ಗಿಕ ಸಂಪನ್ಮೂಲ ಇಲಾಖೆಯವರು, ಎಲ್ಲರ ಬಾಯಲ್ಲಿ ಡಿಎನ್‌ಆರ್, ಒಂದು ಲೆಕ್ಕ ಕೊಟ್ಟಿದ್ದಾರೆ. ಹೊಸದಾಗಿ ಕಟ್ಟಿದ ತಿಳಿ ಐಸು 4 ಇಂಚಿಗಿಂತ ಕಡಿಮೆಯಿದ್ದರೆ ಕಾಲಿಡುವಂತಿಲ್ಲ. 4 ಇಂಚಾದರೆ ನಡೆದು ಹೋಗಬಹುದು. ಸ್ನೋಮೊಬೈಲಿಗೆ 5ರಿಂದ 7 ಇಂಚು ಬೇಕು. ಹಿಮ ಬಿದ್ದು, ನೆನೆದು, ಮತ್ತೆ ಹೆಪ್ಪುಗಟ್ಟಿದ ಬಿಳಿ ಐಸಿನ ಗಟ್ಟಿತನ ತಿಳಿ ಐಸಿನ ಅರ್ಧದಷ್ಟೇ. ಹಾಗಾಗಿ ಅಲ್ಲಿ ಎಲ್ಲ ಲೆಕ್ಕವೂ ಎರಡು ಪಟ್ಟು. ಇಷ್ಟೆಲ್ಲ ಹೇಳಿದ ಮೇಲೂ ಯಾವ ಐಸೂ ನೂರಕ್ಕೆ ನೂರು ಭದ್ರವಲ್ಲ ಎಂದು ಅವರೇ ಸೇರಿಸುತ್ತಾರೆ. ಜನವರಿಯಲ್ಲಿ ಕೆರೆಯ ಮೇಲೆ ಟ್ರಕ್ಕುಗಳು ಸಾಲುಗಟ್ಟಿ ನಿಂತಿರುವುದನ್ನು ನೋಡಿ ನಿನಗೂ ಆಸೆಯಾದೀತು. ನಿನ್ನ ಕಾರು ದಂಡೆಯ ಮೇಲೇ ಇರಲಿ. ಇದಕ್ಕೆ ಮಾತ್ರ ಕಾರಣ ಕೇಳಬೇಡ.

ಐಸು ಕೊರೆಯುವ ಬೈರಿಗೆಗಿಂತ ಮೊದಲು ಒಂದು ಹಾರೆ ಕೊಂಡುಕೊ. ಉದ್ದ ಹಿಡಿಯ, ಚೂಪು ಬಾಯಿಯ ಐಸ್ ಹಾರೆ ಇಲ್ಲಿ ಮೀನುಗಾರಿಕೆಯ ಸಾಮಾನಿನ ಅಂಗಡಿಯಲ್ಲೆಲ್ಲ ಸಿಗುತ್ತದೆ. ದಂಡೆಯಿಂದಲೇ ಶುರುಮಾಡಿ, ಮುಂದಿಡುವ ಹೆಜ್ಜೆಯ ಜಾಗವನ್ನು ಜೋರಾಗಿ ಕುಟ್ಟುತ್ತ ಹೋಗು. ಒಂದೆರಡು ಏಟಿಗೇ ಹಾರೆ ಒಳಗೆ ಹೋಗಿ ನೀರು ಚಿಮ್ಮಿದರೆ ಮುಂದಕ್ಕೆ ಯೋಚನೆಯೇ ಬೇಡ, ಬಂದ ದಾರಿಯಲ್ಲೇ ಹಿಂದಕ್ಕೆ ಬಾ. ಗಟ್ಟಿಯಾಗಿದೆ ಅನ್ನಿಸಿದರೂ 150 ಅಡಿಗೊಂದು ಸಲ ತೂತು ಕೊರೆದು, ಅಳತೆಪಟ್ಟಿಯ ಕೊಕ್ಕೆಯನ್ನು ಐಸಿನ ಅಡಿಗೆ ಸಿಕ್ಕಿಸಿ ದಪ್ಪ ನೋಡು.

ಇಷ್ಟು ರಗಳೆ ಯಾಕೆ ಅಂದರೆ, ಒಂದೇ ಕೆರೆಯಲ್ಲಿ ಇಲ್ಲಿ ಒಂದಡಿ ದಪ್ಪವಿದ್ದ ಐಸು ನಾಲ್ಕು ಮಾರು ಆಚೆಗೆ ಒಂದೇ ಇಂಚಿರಬಹುದು. ತೊರೆ ಬಂದು ಸೇರುವ ಜಾಗ, ತಳದಿಂದ ಬುಗ್ಗೆ ಏಳುವ ಜಾಗ, ಸೇತುವೆಯ ಅಡಿ, ಒಂದು ಕೊಲ್ಲಿಯಿಂದ ಇನ್ನೊಂದಕ್ಕೆ ನೀರು ಹಾಯುವ ಇಕ್ಕಟ್ಟು, ಇಲ್ಲೆಲ್ಲ ಹರಿವು ಇರುವುದರಿಂದ ಐಸು ಸರಿಯಾಗಿ ಕಟ್ಟುವುದಿಲ್ಲ. ಮಿನೆಟೊಂಕಾ ಅಂದರೆ ಇಂಥ ಕೊಲ್ಲಿಗಳ ಗುಂಪೇ. ಕೆಲವು ಮನೆಯವರು ತಮ್ಮ ದೋಣಿಕಟ್ಟೆ ಹಾಳಾಗದಿರಲೆಂದು ನೀರಿನೊಳಗೆ ಗುಳ್ಳೆ ಹಾಯಿಸುವ ಯಂತ್ರ ಇಟ್ಟಿರುತ್ತಾರೆ, ಅದರ ಸುತ್ತ ಹೋಗಬೇಡ. ಬಾತುಗಳು, ಹಂಸಗಳು ಗುಂಪಾಗಿ ಉಳಿದುಕೊಂಡ ಕಡೆಯೂ ಅಷ್ಟೆ. ಹಿಮ ಜಾಸ್ತಿ ಬಿದ್ದರೆ ಐಸು ಬೇಗ ದಪ್ಪವಾಗುತ್ತದೆ ಎಂದು ಹೊಸಬರು ತಿಳಿಯುತ್ತಾರೆ. ನಡೆಯುವುದು ತಿರುಗುಮುರುಗು. ಹಿಮದ ಪದರ ಮೇಲಿನ ಗಾಳಿಯ ಚಳಿ ಕೆಳಗಿಳಿಯದಂತೆ ತಡೆಯುತ್ತದೆ, ಐಸು ಬೆಳೆಯುವುದು ನಿಧಾನವಾಗುತ್ತದೆ.

ಇನ್ನೊಂದು ವಿಷಯ ಹೇಳದಿದ್ದರೆ ಮೊದಲ ದಿನವೇ ಎದ್ದು ಓಡಿಬಿಡುತ್ತೀಯ. ಕಡು ಚಳಿಯಲ್ಲಿ ಕೆರೆ ಗುಡುಗುತ್ತದೆ. ಕಾಲ ಕೆಳಗಿಂದಲೇ ಧಡ್ ಎಂದು ಹೊರಟ ಸದ್ದು ಆಚೆ ದಂಡೆಯವರೆಗೆ ಓಡುತ್ತದೆ, ಕಣ್ಣೆದುರಿಗೇ ಗೆರೆ ಬಿಡುತ್ತದೆ. ಐಸು ಕುಗ್ಗಿ ಹಿಗ್ಗುವಾಗ ಆಗುವ ಸದ್ದು ಅದು, ಅಪಾಯದ ಸೂಚನೆ ಅಂತೇನಲ್ಲ. ಸದ್ದಿಗೆ ಹೆದರಿ ಓಡುವವರೇ ಹರಿವಿರುವ ಇಕ್ಕಟ್ಟಿನ ಮೇಲೆ ಸದ್ದಿಲ್ಲದೆ ನಡೆದು ಹೋಗಿರುತ್ತಾರೆ, ಅದು ನನಗೆ ಯಾವಾಗಲೂ ಸೋಜಿಗ.

ಕುತ್ತಿಗೆಗೆ ಒಂದು ಜೊತೆ ಐಸ್ ಮೊಳೆ ನೇತುಹಾಕಿಕೊ. ಮರದ ಹಿಡಿಗೆ ಚೂಪು ಮೊಳೆ ಕೂರಿಸಿರುತ್ತಾರೆ, ಬೆಲೆ ಜಾಸ್ತಿಯೇನಿಲ್ಲ. ಮೇಲೆ ಲೈಫ್ ಜಾಕೆಟ್ ಹಾಕು, ನೋಡಿದವರು ನಕ್ಕರೆ ನಗಲಿ. ಅಕಸ್ಮಾತ್ ಬಿದ್ದರೆ ಏನಾಗುತ್ತದೆ ಎಂಬುದು ಮೊದಲೇ ಗೊತ್ತಿರಬೇಕು. ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಎಂಬ ವಿಜ್ಞಾನಿ ತಾನೇ ಕೊರೆಯುವ ನೀರಿಗಿಳಿದು ಇದನ್ನು ಅಭ್ಯಾಸ ಮಾಡಿದವರು. ಅವರು ಜನರಿಗೆ ಕಲಿಸಿದ ಲೆಕ್ಕ 1, 10, 1. ಮೊದಲ 1 ನಿಮಿಷ ಉಸಿರು ಕಟ್ಟಿ, ಏದುಸಿರು ಬಂದು ಗಾಬರಿಯಾಗುತ್ತದೆ. ಆಗ ಉಸಿರನ್ನು ಹತೋಟಿಗೆ ತಂದುಕೊಳ್ಳುವುದೊಂದೇ ನಿನ್ನ ಕೆಲಸ. ಆಮೇಲೆ ಕೈಕಾಲು ಹೇಳಿದಂತೆ ಕೇಳುವುದು ಸುಮಾರು 10 ನಿಮಿಷ. ಮೈಯ ಶಾಖ ಇಳಿದು ಪ್ರಜ್ಞೆ ತಪ್ಪಲು 1 ಗಂಟೆಯಷ್ಟು ಹಿಡಿಯುತ್ತದೆ. ಅಂದರೆ ಬಿದ್ದ ತಕ್ಷಣ ಸಾಯುತ್ತೇನೆ ಎಂದುಕೊಂಡು ಶಕ್ತಿ ಕಳೆದುಕೊಳ್ಳಬಾರದು. ಆ 10 ನಿಮಿಷದಲ್ಲಿ ನೀನು ನಡೆದು ಬಂದ ಕಡೆಗೇ ತಿರುಗು, ಯಾಕೆಂದರೆ ನಿನ್ನ ತೂಕ ತಡೆದದ್ದು ಆ ಐಸು. ಮೊಳೆ ಚುಚ್ಚಿ, ಕಾಲನ್ನು ಈಜುವಾಗಿನಂತೆ ಹಿಂದಕ್ಕೆ ಬಡಿದು, ಹೊಟ್ಟೆಯ ಮೇಲೆ ತೆವಳಿ ಮೇಲೆ ಬಾ. ಬಂದ ಕೂಡಲೆ ಎದ್ದು ನಿಲ್ಲಬೇಡ, ಉರುಳುತ್ತಲೇ ದೂರ ಹೋಗು. ಒಬ್ಬನೇ ಯಾವತ್ತೂ ಹೋಗಬೇಡ. ಯಾವ ಕೆರೆ, ಯಾವ ದಂಡೆ, ಎಷ್ಟು ಹೊತ್ತಿಗೆ ವಾಪಸ್ಸು ಎಂದು ಮನೆಯಲ್ಲಿ ಬರೆದಿಟ್ಟು ಹೋಗು.

ಬಟ್ಟೆ ವಿಷಯ ನಿನ್ನ ಹೆಂಡತಿ ನೋಡಿಕೊಳ್ಳುತ್ತಾಳೆ ಬಿಡು. ಮೈಗೆ ತಾಗುವ ಪದರ ಹತ್ತಿಯದಾಗಬಾರದು ಅನ್ನುವುದಿಷ್ಟೇ ನನ್ನ ಮಾತು. ಬೆವರಿಗೆ ನೆಂದ ಬನಿಯನ್ನು ಆಮೇಲೆ ಒಣಗುವುದೇ ಇಲ್ಲ. ಉಣ್ಣೆ ಹಾಕು, ಕೈಗವಸು ಎರಡು ಜೊತೆ ಒಯ್ಯಿ.

ಈಗ ಮೀನಿಗೆ ಬರೋಣ. ದೊಡ್ಡ ವಾಲೈ ಮೀನಿನ ಕನಸು ಮೊದಲ ಚಳಿಗಾಲಕ್ಕೆ ಬೇಡ, ಪ್ಯಾನ್‌ಫಿಶ್ ಹಿಡಿ. ಅಂಗೈಯಷ್ಟಗಲದ ಈ ಮೀನುಗಳಲ್ಲಿ ಮುಖ್ಯವಾದವು ಮೂರು. ಇಲ್ಲಿಯವರು ಪ್ರೀತಿಯಿಂದ ಸನ್ನಿ ಎಂದು ಕರೆಯುವ ಬ್ಲೂಗಿಲ್, ರಾತ್ರಿಯ ಹೊತ್ತು ಚುರುಕಾಗುವ ಕ್ರಾಪಿ, ಮೈಮೇಲೆ ಪಟ್ಟೆಯಿರುವ ಹಳದಿ ಪರ್ಚ್. ದೊಡ್ಡ ಖರ್ಚಿಲ್ಲ, ಮಕ್ಕಳಿಗೂ ಸಿಗುತ್ತವೆ, ಮತ್ತು ತಿನ್ನಲು ಇವಕ್ಕೆ ಸಾಟಿಯಿಲ್ಲ. ವಾಲೈ ರುಚಿ ಹೆಚ್ಚೆಂದು ವಾದಿಸುವವರು ಸಿಕ್ಕುತ್ತಾರೆ, ವಾದಕ್ಕಿಳಿಯಬೇಡ, ಅವರ ಪಾಲಿನ ಸನ್ನಿಯನ್ನೂ ನೀನೇ ತಿನ್ನು.

ಐಸಿನ ಕೆಳಗೆ ಮೀನು ಬದುಕಿರುವುದಾದರೂ ಹೇಗೆ ಎಂದು ನಿಮ್ಮಮ್ಮ ಕೇಳುತ್ತಿದ್ದಳು. ನೀರು ಎಲ್ಲಕ್ಕಿಂತ ಭಾರವಾಗಿರುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದಕ್ಕಿಂತ ತಣ್ಣಗಾದ ನೀರು ಹಗುರವಾಗಿ ಮೇಲಕ್ಕೆ ಬಂದು ಅಲ್ಲೇ ಹೆಪ್ಪುಗಟ್ಟುತ್ತದೆ, ತಳದ ನೀರು 4 ಡಿಗ್ರಿಯ ಆಸುಪಾಸಿನಲ್ಲಿ ಉಳಿಯುತ್ತದೆ. ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗಿದ್ದರೂ ಮೀನಿಗೆ ಆ ಕಷ್ಟವಿಲ್ಲ. ಅದರ ತೊಂದರೆ ಬೇರೆ, ಆಮ್ಲಜನಕ. ಹಿಮ ದಪ್ಪವಾಗಿ ಬಿದ್ದರೆ ಬೆಳಕು ಒಳಗಿಳಿಯುವುದಿಲ್ಲ. ನೀರಿನೊಳಗಿನ ಗಿಡ ಸತ್ತು ಕೊಳೆಯುತ್ತದೆ, ಕೊಳೆಯುವಾಗ ಇದ್ದ ಆಮ್ಲಜನಕವನ್ನೂ ಹೀರುತ್ತದೆ. ಆಳವಿಲ್ಲದ ಕೆರೆಗಳಲ್ಲಿ ಕೆಲವು ಚಳಿಗಾಲ ಮೀನುಗಳು ರಾಶಿರಾಶಿ ಸಾಯುವುದು ಹೀಗೆ.

ಇದೊಂದು ತಿಳಿದರೆ ಮೀನು ಎಲ್ಲಿರುತ್ತದೆ ಎಂಬುದು ಅರ್ಧ ತಿಳಿದಂತೆ. ಡಿಸೆಂಬರಿನ ಹೊಸ ಐಸಿನ ದಿನಗಳಲ್ಲಿ ಗಿಡ ಇನ್ನೂ ಹಸಿರಾಗಿರುತ್ತದೆ, ಸನ್ನಿಗಳು ಆಳ ಕಡಿಮೆಯ ಕೊಲ್ಲಿಗಳಲ್ಲಿ ಗಿಡದ ಸಂದಿಯಲ್ಲೇ ಇರುತ್ತವೆ. ತೂತಿನಿಂದ ಎಳೆದ ಗಾಳಕ್ಕೆ ಹಸಿರು ಎಲೆ ಸಿಕ್ಕರೆ ಅಲ್ಲೇ ಕೂರು, ಕಂದಿದ ಕೊಳೆ ಸಿಕ್ಕರೆ ಏಳು. ಜನವರಿ ನಡುವಿನ ಹೊತ್ತಿಗೆ ಅವು 20, 30 ಅಡಿಯ ಆಳಕ್ಕೆ ಸರಿಯುತ್ತವೆ. ಅಲ್ಲಿಯ ಕೆಸರಿನಲ್ಲಿ ಕೆಂಪು ಹುಳುಗಳು, ನೀರಿನಲ್ಲಿ ಕಣ್ಣಿಗೆ ಕಂಡೂ ಕಾಣದಷ್ಟು ಚಿಕ್ಕ ಜೀವಿಗಳು, ಅವೇ ಊಟ. ಕ್ರಾಪಿಗಳು ತಳ ಬಿಟ್ಟು ನಡುನೀರಿನಲ್ಲಿ ಗುಂಪಾಗಿ ತೇಲಿಕೊಂಡಿದ್ದು, ಸಂಜೆ ಬೆಳಕು ಇಳಿಯುವಾಗ ಮೇಲೆ ಬರುತ್ತವೆ. ಚಳಿಗಾಲ ಮುಗಿಯುತ್ತ ಬಂದಾಗ ಎಲ್ಲವೂ ಮತ್ತೆ ಕೊಲ್ಲಿಗಳ ಕಡೆಗೆ.

ಹೊಸಬರೆಲ್ಲ ಮಾಡುವುದೊಂದೇ. ನಾಲ್ಕು ಗುಡಾರ ಕಂಡ ಕಡೆ ಐದನೆಯದು ಹೂಡುತ್ತಾರೆ. ಆ ನಾಲ್ವರಿಗೆ ಮೀನು ಸಿಕ್ಕಿದೆಯೋ, ಅವರೂ ಮೊದಲನೆಯವನನ್ನು ನೋಡಿ ಕೂತವರೋ, ಕೇಳುವವರಿಲ್ಲ. 1980ರ ದಶಕದಲ್ಲಿ ಈ ಮಿನೆಸೋಟದವರೇ ಆದ ಡೇವ್ ಗೆಂಜ್ ಎಂಬುವರು ಜಾರುಬಂಡಿಯ ಮೇಲೆಯೇ ಮಡಚಿ ಬಿಡಿಸುವ ಗುಡಾರವೊಂದನ್ನು ಮಾಡಿದರು. ಅದರ ಹೆಸರು ಫಿಶ್ ಟ್ರ್ಯಾಪ್. ಒಂದೇ ಕಡೆ ಮನೆ ಹೂಡಿ ಮೀನಿಗಾಗಿ ಕಾಯುವುದನ್ನು ಬಿಟ್ಟು, ಸಾಲಾಗಿ ತೂತು ಕೊರೆದು, ಒಂದೊಂದರಲ್ಲೂ ನೋಡಿಕೊಂಡು, ಇಲ್ಲದಿದ್ದರೆ ಎದ್ದು ಮುಂದಕ್ಕೆ ಹೋಗುವ ರೂಢಿ ಬೆಳೆದದ್ದು ಅವರಿಂದ. ನೀನೂ ಅದನ್ನೇ ಮಾಡು. ಪ್ಯಾನ್‌ಫಿಶ್‌ಗೆ 6 ಇಂಚಿನ ತೂತು ಸಾಕು, ಕೈಬೈರಿಗೆಯಲ್ಲಿ ಕೊರೆದರೆ ಮೈಯೂ ಬೆಚ್ಚಗಾಗುತ್ತದೆ. ಫ್ಲಾಶರ್ ಎಂಬ ಸೋನಾರ್ ಡಬ್ಬಿಯೊಂದನ್ನು ಯಾರಿಂದಲಾದರೂ ಕಡ ತಂದರೆ ತಳ ಎಲ್ಲಿ, ಮೀನು ಎಲ್ಲಿ, ನಿನ್ನ ಗಾಳ ಎಲ್ಲಿ ಎಂದು ದೀಪದ ಗೆರೆಗಳಲ್ಲಿ ತೋರಿಸುತ್ತದೆ. ಈಗ ನೀರಿನೊಳಗಿನ ಸಿನಿಮಾ ತೋರಿಸುವಂಥ ದುಬಾರಿ ಯಂತ್ರಗಳೂ ಬಂದಿವೆ. ಅವು ನನಗೆ ಹಿಡಿಸುವುದಿಲ್ಲ, ಅದು ವಯಸ್ಸಿನ ದೋಷವೂ ಇರಬಹುದು.

ಸಾಮಾನು ಸಣ್ಣದಿರಲಿ. 2ರಿಂದ 4 ಪೌಂಡ್ ಭಾರ ತಡೆಯುವ ದಾರ, ಮೊಣಕಾಲೆತ್ತರದ ಗಾಳದ ಕೋಲು, ಬಟಾಣಿಗಿಂತ ಚಿಕ್ಕ ಟಂಗ್‌ಸ್ಟನ್ ಜಿಗ್, ಅಂದರೆ ತೂಕ ಸೇರಿಸಿದ ಕೊಕ್ಕೆ. ಟಂಗ್‌ಸ್ಟನ್ ಸೀಸಕ್ಕಿಂತ ಭಾರ, ಹಾಗಾಗಿ ಚಿಕ್ಕದಾದರೂ ಬೇಗ ಇಳಿಯುತ್ತದೆ. ಎರೆಗೆ ವ್ಯಾಕ್ಸ್‌ವರ್ಮ್ ಕೇಳು. ಊರಲ್ಲಿ ಜೇನುಪೆಟ್ಟಿಗೆ ಇಟ್ಟವರು ಶಾಪ ಹಾಕುವ ಮೇಣದ ಪತಂಗವಿದೆಯಲ್ಲ, ಅದರ ಮರಿಹುಳುವೇ ಅದು. ಡಬ್ಬಿಯನ್ನು ಒಳಜೇಬಿನಲ್ಲಿಡು, ಹೊರಗಿಟ್ಟರೆ ಹುಳು ಸೆಟೆದು ಹೋಗುತ್ತದೆ. ಗಾಳವನ್ನು ಮೀನಿರುವ ಮಟ್ಟಕ್ಕಿಂತ ತುಸು ಮೇಲೆಯೇ ನಿಲ್ಲಿಸು, ಕ್ರಾಪಿಯಂತೂ ಮೇಲಕ್ಕೆ ನೋಡಿಯೇ ತಿನ್ನುವುದು. ಬೆರಳ ತುದಿಯಲ್ಲಿ ಸಣ್ಣಗೆ ನಡುಗಿಸಿ, ಆಮೇಲೆ ಅಲ್ಲಾಡಿಸದೆ ಹಿಡಿ. ತಣ್ಣೀರಿನ ಸನ್ನಿ ಎಳೆಯುವುದಿಲ್ಲ, ಹೀರಿ ನೋಡಿ ಉಗಿದುಬಿಡುತ್ತದೆ. ತುಂಗೆಯಲ್ಲಿ ಬೆಂಡು ಮುಳುಗುವವರೆಗೆ ಕಾದ ಅಭ್ಯಾಸ ಇಲ್ಲಿ ನಡೆಯದು. ಕೋಲಿನ ತುದಿಗೆ ಸ್ಪ್ರಿಂಗ್ ಹಾಕಿಸಿ, ಅದು ಕೂದಲೆಳೆಯಷ್ಟು ಎದ್ದರೂ ಬಾಗಿದರೂ ಮೆಲ್ಲಗೆ ಎತ್ತು. ಕ್ರಾಪಿಯ ತುಟಿ ತೆಳು, ಜಗ್ಗಿದರೆ ಹರಿದು ಹೋಗುತ್ತದೆ.

ಗುಡಾರದೊಳಗೆ ಪ್ರೊಪೇನ್ ಹೀಟರ್ ಹಚ್ಚಿದರೆ ಗಾಳಿಕಿಂಡಿ ತೆರೆದಿರಲಿ, ಕಾರ್ಬನ್ ಮಾನಾಕ್ಸೈಡ್ ಪತ್ತೆ ಮಾಡುವ ಚಿಕ್ಕ ಯಂತ್ರ ಜೊತೆಗಿರಲಿ. ಆ ಅನಿಲಕ್ಕೆ ವಾಸನೆಯಿಲ್ಲ, ನಿದ್ದೆ ಬಂದಂತಾಗಿ ಏಳುವುದೇ ಇಲ್ಲ. ಐಸಿನ ಮೇಲೆ ಕಸ ಬಿಟ್ಟು ಬರಬೇಡ, 2023ರಿಂದ ಅದಕ್ಕೆ ಪ್ರತ್ಯೇಕ ಕಾನೂನೇ ಬಂದಿದೆ. ಈ ಕೆರೆಗಳಲ್ಲಿ ನಾವೆಲ್ಲ ಇತ್ತೀಚಿನ ನೆಂಟರು. ಐಸಿನ ತೂತಿನಲ್ಲಿ ಮರದ ಮೀನನ್ನು ಆಡಿಸಿ, ಹತ್ತಿರ ಬಂದದ್ದನ್ನು ಈಟಿಯಿಂದ ಹಿಡಿಯುತ್ತಿದ್ದ ಒಜಿಬ್ವೆ ಜನ ನಮಗಿಂತ ಬಹಳ ಮೊದಲಿನವರು. ಮಿಲ್ ಲ್ಯಾಕ್ಸ್ ಕೆರೆಯಲ್ಲಿ ಅವರ ಮೀನು ಹಿಡಿಯುವ ಹಕ್ಕನ್ನು 1999ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ಎತ್ತಿಹಿಡಿದಿದೆ. ಅವರಿಗೊಂದು ನಿಯಮ, ನಮಗೊಂದು ನಿಯಮ ಯಾಕೆ ಎಂದು ಗೊಣಗುವ ಮಾತು ದಂಡೆಯಲ್ಲಿ ಕೇಳಿಬರುತ್ತದೆ. ಅದಕ್ಕೆ ತಲೆಯಾಡಿಸಬೇಡ.

ಎಷ್ಟು ಹಿಡಿಯಬೇಕು ಎನ್ನುವುದರ ಬಗ್ಗೆ ನನಗೆ ಸ್ವಲ್ಪ ಹಟವಿದೆ. ರಾಜ್ಯದ ಸಾಮಾನ್ಯ ನಿಯಮದಂತೆ ಒಬ್ಬರಿಗೆ ಸನ್ನಿ 20, ಕ್ರಾಪಿ 10, ಪರ್ಚ್ 20. ಪಕ್ಕದವನು 20 ತುಂಬಿಸಿದ ಎಂದು ನೀನೂ ತುಂಬಿಸಬೇಕಿಲ್ಲ. ಅದು ಮಿತಿ, ಗುರಿಯಲ್ಲ. ಅದರಲ್ಲೂ ಅವನು ಎತ್ತಿ ತೋರಿಸಿ ಫೋಟೊ ತೆಗೆಸಿಕೊಳ್ಳುವ ದೊಡ್ಡ ಸನ್ನಿಗಳಿವೆಯಲ್ಲ, ಕೆರೆಯ ಬದುಕು ನಿಂತಿರುವುದು ಅವುಗಳ ಮೇಲೆ. ಬೇಸಿಗೆಯ ಆರಂಭದಲ್ಲಿ ದೊಡ್ಡ ಗಂಡು ಬ್ಲೂಗಿಲ್ ದಂಡೆಯ ಮರಳಿನಲ್ಲಿ ಗುಣಿ ಮಾಡಿ, ಹೆಣ್ಣು ಮೊಟ್ಟೆಯಿಟ್ಟ ಮೇಲೆ ತಾನೇ ಕಾವಲು ನಿಲ್ಲುತ್ತದೆ. ನಮ್ಮ ಕೊರವ ಮೀನು ಹೀಗೆಯೇ ಮರಿಗಳ ಸುತ್ತ ತಿರುಗುವುದನ್ನು ನೀನು ಗದ್ದೆಯ ಕಾಲುವೆಯಲ್ಲಿ ಕಂಡಿದ್ದೀಯ. ದೊಡ್ಡ ಗಂಡುಗಳು ಇರುವವರೆಗೆ ಚಿಕ್ಕ ಗಂಡುಗಳಿಗೆ ಗೂಡಿನ ಜಾಗ ಸಿಗುವುದಿಲ್ಲ, ಅವು ಬೆಳೆಯುವುದರ ಕಡೆ ಗಮನ ಕೊಡುತ್ತವೆ. ದೊಡ್ಡವನ್ನು ಹಿಡಿದು ಮುಗಿಸಿದರೆ ಚಿಕ್ಕವು ಎಳೆಯ ವಯಸ್ಸಿಗೇ ಸಂಸಾರಕ್ಕಿಳಿದು ಅಷ್ಟಕ್ಕೇ ನಿಂತುಹೋಗುತ್ತವೆ. ಆಮೇಲೆ ಆ ಕೆರೆಯಲ್ಲಿ ಸಿಗುವುದೆಲ್ಲ ನಾಲ್ಕೈದು ಇಂಚಿನ ಮೀನು. 8 ಇಂಚಿನ ಸನ್ನಿಯೊಂದಕ್ಕೆ ಇಲ್ಲಿಯ ತಣ್ಣೀರಿನಲ್ಲಿ ಆರೇಳು ವರ್ಷವಾದರೂ ಆಗಿರುತ್ತದೆ. ಅದಕ್ಕೇ 2021ರಿಂದೀಚೆಗೆ ಇನ್ನಷ್ಟು ಕೆರೆಗಳಲ್ಲಿ ಮಿತಿಯನ್ನು 5ಕ್ಕೋ 10ಕ್ಕೋ ಇಳಿಸಿದ್ದಾರೆ. ಹೋಗುವ ಕೆರೆಯ ನಿಯಮವನ್ನು ಮೊದಲೇ ನೋಡಿಕೊ.

ಆರೇಳು ಇಂಚಿನವನ್ನು ಇಟ್ಟುಕೊಂಡು ದೊಡ್ಡವನ್ನು ನೀರಿಗೆ ಬಿಡು. ಆದರೆ ಆಳದಲ್ಲಿ ಈ ನ್ಯಾಯ ನಡೆಯುವುದಿಲ್ಲ. 30 ಅಡಿಯಿಂದ ಎಳೆದು ತಂದ ಕ್ರಾಪಿಯ ಒಳಗಿನ ಗಾಳಿಚೀಲ ಒತ್ತಡ ಇಳಿದು ಉಬ್ಬಿರುತ್ತದೆ. ಬಿಟ್ಟರೂ ಬಹುಪಾಲು ಬದುಕುವುದಿಲ್ಲ. ಅಂಥ ಕಡೆ ಚಿಕ್ಕದೋ ದೊಡ್ಡದೋ ಬಂದದ್ದನ್ನು ಇಟ್ಟುಕೊಂಡು, ಊಟಕ್ಕಾದ ಕೂಡಲೆ ಗಾಳ ಸುತ್ತು. ಮೀನು ಸಿಗುತ್ತಿರುವಾಗ ಏಳುವುದು ಕಷ್ಟ, ನಂಗೊತ್ತು.

ಮನೆಗೆ ತಂದದ್ದನ್ನು ಇಲ್ಲಿಯವರು ಚರ್ಮ, ಮುಳ್ಳು ಬಿಡಿಸಿ ಹಿಟ್ಟಿನಲ್ಲಿ ಹೊರಳಿಸಿ ಕರಿಯುತ್ತಾರೆ. ಚೆನ್ನಾಗಿಯೇ ಇರುತ್ತದೆ. ನಾನಂತೂ ಹುರುಪೆ ತೆಗೆದು, ಚರ್ಮದ ಮೇಲೆ ಗೀರು ಹಾಕಿ, ಹುಣಸೆರಸ, ಬ್ಯಾಡಗಿ ಮೆಣಸಿನ ಪುಡಿ, ಅರಿಶಿನ, ಉಪ್ಪು ಹಚ್ಚಿಟ್ಟು, ಸಣ್ಣ ರವೆಯಲ್ಲಿ ಅದ್ದಿ ಕಾವಲಿಗೆ ಹಾಕುತ್ತೇನೆ. ಇವು ಪಾದರಸದ ಅಂಶ ವಾಲೈ, ಪೈಕ್‌ಗಳಿಗಿಂತ ಕಡಿಮೆಯಿರುವ ಮೀನುಗಳು. ಹಾಗಿದ್ದರೂ ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ ಸಾಮಾನ್ಯವಾಗಿ ವಾರಕ್ಕೊಂದು ಊಟ ಎಂದು ಆರೋಗ್ಯ ಇಲಾಖೆ ಹೇಳುತ್ತದೆ. ಕೆರೆಯಿಂದ ಕೆರೆಗೆ ಇದು ಬದಲಾಗುತ್ತದೆ, ಅದನ್ನೂ ನೋಡಿಕೊ.

ಲೈಸೆನ್ಸು ಫೆಬ್ರವರಿ ಕೊನೆಗೆ ಮುಗಿಯುತ್ತದೆ, ಮಾರ್ಚ್ 1ಕ್ಕೆ ಹೊಸದು ಬೇಕು. ಮಾರ್ಚಿನಲ್ಲಿ ಬಿಸಿಲು ಬಂದು, ಮೀನು ಕೊಲ್ಲಿಗಳಿಗೆ ಮರಳಿ, ವರ್ಷದಲ್ಲೇ ಚೆನ್ನಾಗಿ ಕಚ್ಚುವ ದಿನಗಳು ಶುರುವಾಗುತ್ತವೆ. ಆಸೆ ಹುಟ್ಟಿಸುವುದೂ, ಜೀವ ತೆಗೆಯುವುದೂ ಇದೇ ಹೊತ್ತು. ನಾನು ಮೇಲೆ ಹೇಳಿದ ಇಂಚುಗಳ ಲೆಕ್ಕವೆಲ್ಲ ಹೊಸ ಐಸಿಗೆ ಮಾತ್ರ. ಮಾರ್ಚಿನ ಐಸು ಅಳತೆಗೆ ಒಂದಡಿ ಇದ್ದರೂ ಒಳಗೊಳಗೇ ನೆಟ್ಟಗಿನ ಕಡ್ಡಿಗಳಾಗಿ ಬಿಟ್ಟುಕೊಂಡಿರುತ್ತದೆ. ಬೆಳಗ್ಗೆ ಹೊತ್ತ ಭಾರವನ್ನು ಮಧ್ಯಾಹ್ನ ಹೊರುವುದಿಲ್ಲ. ಬಣ್ಣ ಕಪ್ಪಿಟ್ಟು ಅಂಚಿನಲ್ಲಿ ನೀರು ಬಿಟ್ಟಿತೋ, ಆ ವರ್ಷಕ್ಕೆ ಅಲ್ಲಿಗೆ ಮುಗಿಯಿತು, ಹಾರೆ ಬೈರಿಗೆ ಒರೆಸಿ ಒಳಗಿಡು. ಅಂಥ ದಿನ ಯಾರು ಕರೆದರೂ ಹೋಗಬೇಡ, ನಾನು ಕರೆದರೂ.